ಕೊರಳಲ್ಲಿ ಚೀಟಿ ಕಟ್ಟಿಕೊಂಡು ಬಂದ ಕರಡಿ

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಒಂದು ಮಧ್ಯಾಹ್ನ ನನ್ನನ್ನು ಟಿವಿ ಮುಂದೆ ಕೂರಿಸಿದಳು. "ತಾತ, ಇವತ್ತು ನ್ಯೂಸ್ ಬೇಡ, ಕರಡಿ ಸಿನಿಮಾ" ಎಂದಳು. ನನಗೆ ಪ್ರಾಣಿಗಳು ಮಾತಾಡುವ ಸಿನಿಮಾ ಎಂದರೆ ಅಷ್ಟಕ್ಕಷ್ಟೆ. ಹತ್ತು ನಿಮಿಷ ನೋಡಿ ಮೆಲ್ಲಗೆ ಎದ್ದು ಹೋಗಿ ಒಂದು ನಿದ್ದೆ ತೆಗೆಯೋಣ ಎಂದುಕೊಂಡೇ ಕೂತೆ. ಒಂದೂವರೆ ಗಂಟೆಯ ನಂತರ ಸಿನಿಮಾ ಮುಗಿದಾಗ ಅವಳು ಹಣ್ಣು ತಿನ್ನಲು ಅಡುಗೆಮನೆಗೆ ಓಡಿದ್ದಳು. ನಾನು ಕೂತೇ ಇದ್ದೆ.

ಆ ಸಿನಿಮಾ 'ಪ್ಯಾಡಿಂಗ್ಟನ್'. 2014ರ ನವೆಂಬರ್ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದದ್ದು. ನಿರ್ದೇಶಕರು ಪಾಲ್ ಕಿಂಗ್. ಹ್ಯಾರಿ ಪಾಟರ್ ಚಿತ್ರಗಳನ್ನು ತೆಗೆದ ಡೇವಿಡ್ ಹೇಮನ್ ಇದರ ನಿರ್ಮಾಪಕರು. ಮೈಕೇಲ್ ಬಾಂಡ್ ಎಂಬ ಲೇಖಕರು 1958ರಿಂದ ಬರೆಯುತ್ತ ಬಂದ ಮಕ್ಕಳ ಕಥೆಗಳ ಕರಡಿಯೇ ಇದರ ನಾಯಕ. ಅಲ್ಲಿನ ಮಕ್ಕಳಿಗೆ ಈ ಕರಡಿ ಮನೆಯ ಹುಡುಗನಿದ್ದಂತೆ. ಕೆಂಪು ಹ್ಯಾಟು, ನೀಲಿ ಕೋಟು, ಕೈಯಲ್ಲೊಂದು ಹಳೇ ಸೂಟ್‌ಕೇಸು. ಅಷ್ಟು ಕಂಡರೆ ಸಾಕು, ಯಾರೆಂದು ಯಾರೂ ಕೇಳುವುದಿಲ್ಲ.

ಸ್ಟೇಷನ್ನಿನಲ್ಲಿ ಸಿಕ್ಕಿದವನು

ನೋಡದವರಿಗಾಗಿ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ದಕ್ಷಿಣ ಅಮೆರಿಕದ ಪೆರು ದೇಶದ ಕಾಡಿನಲ್ಲಿ ಒಂದು ಮರಿ ಕರಡಿ ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಸುಖವಾಗಿದೆ. ಎಷ್ಟೋ ವರ್ಷಗಳ ಹಿಂದೆ ಲಂಡನ್ನಿನಿಂದ ಬಂದಿದ್ದ ಒಬ್ಬ ಅನ್ವೇಷಕ ಆ ಕರಡಿಗಳಿಗೆ ಇಂಗ್ಲಿಷ್ ಕಲಿಸಿ, ಮಾರ್ಮಲೇಡ್ ರುಚಿ ಹಚ್ಚಿ, ಯಾವಾಗಲಾದರೂ ನಮ್ಮೂರಿಗೆ ಬನ್ನಿ ಎಂದು ಕರೆದು ಹೋಗಿದ್ದಾನೆ. ಮಾರ್ಮಲೇಡ್ ಎಂದರೆ ಸಿಪ್ಪೆ ಸಮೇತ ಕಿತ್ತಳೆ ಬೇಯಿಸಿ ಮಾಡುವ ಜ್ಯಾಮ್. ನಮ್ಮ ಕಿತ್ತಳೆ ಸಿಪ್ಪೆ ಗೊಜ್ಜಿನ ಹಾಗೆ ಸಿಹಿಯ ಹಿಂದೆ ಒಂದು ಸಣ್ಣ ಕಹಿ ಇರುತ್ತದೆ. ಈ ಸಿನಿಮಾದ ರುಚಿಯೂ ಅದೇ.

ಭೂಕಂಪ ಬಂದು ಮನೆ ಹೋಗುತ್ತದೆ, ಚಿಕ್ಕಪ್ಪ ಸಾಯುತ್ತಾನೆ. ಚಿಕ್ಕಮ್ಮ ಲೂಸಿ ವೃದ್ಧ ಕರಡಿಗಳ ಆಶ್ರಮಕ್ಕೆ ಹೊರಡುತ್ತಾಳೆ. ಹೊರಡುವ ಮುಂಚೆ ಮರಿಯ ಕೊರಳಿಗೆ ಒಂದು ಚೀಟಿ ಕಟ್ಟಿ, ಲಂಡನ್ನಿಗೆ ಹೋಗುವ ಹಡಗು ಹತ್ತಿಸುತ್ತಾಳೆ. ದಯವಿಟ್ಟು ಇವನನ್ನು ನೋಡಿಕೊಳ್ಳಿ ಎಂಬರ್ಥದ ನಾಲ್ಕು ಮಾತು, ಕೊನೆಗೊಂದು ಧನ್ಯವಾದ. ಚೀಟಿಯಲ್ಲಿ ಇರುವುದು ಇಷ್ಟೇ.

ಮರಿ ಬಂದು ನಿಲ್ಲುವುದು ಪ್ಯಾಡಿಂಗ್ಟನ್ ರೈಲ್ವೆ ಸ್ಟೇಷನ್ನಿನಲ್ಲಿ. ಸಾವಿರಾರು ಜನ. ಎಲ್ಲರಿಗೂ ಅವಸರ. ಹ್ಯಾಟು ಎತ್ತಿ ನಮಸ್ಕಾರ ಹೇಳಿದರೂ ಯಾರೂ ತಿರುಗಿ ನೋಡುವುದಿಲ್ಲ. ರಾತ್ರಿಯಾಗಿ ಸ್ಟೇಷನ್ ಖಾಲಿಯಾಗುತ್ತದೆ. ಅಷ್ಟರಲ್ಲಿ ಬ್ರೌನ್ ಕುಟುಂಬ ಬರುತ್ತದೆ. ಅಪ್ಪ, ಅಮ್ಮ, ಮಗಳು ಜೂಡಿ, ಮಗ ಜೊನಾಥನ್. ಅಮ್ಮ ನಿಲ್ಲುತ್ತಾಳೆ. ಕರಡಿಯ ಹೆಸರು ಮನುಷ್ಯರ ಬಾಯಲ್ಲಿ ಹೇಳಲಾಗದ ಒಂದು ಗರ್ಜನೆ. ತಲೆಯ ಮೇಲಿದ್ದ ಸ್ಟೇಷನ್ ಬೋರ್ಡು ನೋಡಿ ಅವಳು ಅದನ್ನೇ ಅವನ ಹೆಸರು ಮಾಡುತ್ತಾಳೆ. ಅಪ್ಪ ಒಪ್ಪುವುದು ಒಂದೇ ಒಂದು ರಾತ್ರಿಯ ಮಟ್ಟಿಗೆ. ಆ ಒಂದು ರಾತ್ರಿಯಲ್ಲೇ ಕರಡಿ ಹಲ್ಲುಜ್ಜುವ ಬ್ರಷ್‌ನಿಂದ ಕಿವಿ ತೊಳೆದು, ಬಚ್ಚಲಿನಲ್ಲಿ ಪ್ರಳಯ ಮಾಡಿ, ಸ್ನಾನದ ತೊಟ್ಟಿಯ ಸಮೇತ ಮಹಡಿ ಮೆಟ್ಟಿಲು ಇಳಿದು ಬರುತ್ತಾನೆ. ಆ ಜಾಗದಲ್ಲಿ ನನ್ನ ಮೊಮ್ಮಗಳು ಸೋಫಾದಿಂದ ಕೆಳಗೆ ಬಿದ್ದು ನಕ್ಕಳು.

ಮುಂದೆ ಆ ಅನ್ವೇಷಕನ ಹುಡುಕಾಟ. ಜೊತೆಗೆ ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬಿ ಮ್ಯೂಸಿಯಂನಲ್ಲಿ ನಿಲ್ಲಿಸುವ ಒಬ್ಬ ಹೆಂಗಸು, ನಿಕೋಲ್ ಕಿಡ್ಮನ್, ಈ ಕರಡಿಯ ಬೆನ್ನು ಹತ್ತುತ್ತಾಳೆ. ಕೊನೆಯನ್ನು ನಾನು ಹೇಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಆ ಹೆಂಗಸಿನ ದೃಶ್ಯಗಳಿಗೆ ಐದಾರು ವರ್ಷದ ಮಕ್ಕಳು ಹೆದರಬಹುದು. ಪಕ್ಕದಲ್ಲಿ ದೊಡ್ಡವರೊಬ್ಬರು ಇದ್ದರೆ ಒಳ್ಳೆಯದು.

ಒಂಟಿಯಾಗಿ ಉಳಿದ ಗೊಂಬೆ

ಕರಡಿ ಹುಟ್ಟಿದ ಕಥೆಯೂ ಸಿನಿಮಾದಷ್ಟೇ ಚೆನ್ನ. 1956ರ ಕ್ರಿಸ್ಮಸ್ ಹಿಂದಿನ ದಿನ, ಬಿಬಿಸಿಯಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಿದ್ದ ಮೈಕೇಲ್ ಬಾಂಡ್ ಹೆಂಡತಿಗೊಂದು ಉಡುಗೊರೆ ಹುಡುಕುತ್ತ ಲಂಡನ್ನಿನ ಸೆಲ್ಫ್‌ರಿಡ್ಜಸ್ ಅಂಗಡಿಗೆ ಹೋದರು. ಗೊಂಬೆಗಳೆಲ್ಲ ಮಾರಿಹೋಗಿದ್ದ ಒಂದು ಶೆಲ್ಫಿನಲ್ಲಿ ಒಂದೇ ಒಂದು ಕರಡಿ ಗೊಂಬೆ ಉಳಿದಿತ್ತು. ಅದನ್ನು ನೋಡಿ ಪಾಪ ಎನಿಸಿ ಕೊಂಡು ತಂದರು. ಆಗ ಅವರ ಮನೆ ಇದ್ದದ್ದು ಪ್ಯಾಡಿಂಗ್ಟನ್ ಸ್ಟೇಷನ್ ಹತ್ತಿರ. ಗೊಂಬೆಗೆ ಆ ಹೆಸರೇ ನಿಂತಿತು. ಅದನ್ನು ಮುಂದಿಟ್ಟುಕೊಂಡು ಬರೆಯಲು ಕೂತವರು ಹತ್ತು ದಿನದಲ್ಲಿ ಒಂದು ಪುಸ್ತಕ ಮುಗಿಸಿದರು. 1958ರ ಅಕ್ಟೋಬರ್‌ನಲ್ಲಿ ಅದು ಅಚ್ಚಾಯಿತು. ಚಿತ್ರ ಬರೆದವರು ಪೆಗಿ ಫೋರ್ಟ್‌ನಮ್.

ಮೊದಲು ಬಾಂಡ್ ಈ ಕರಡಿ ಆಫ್ರಿಕಾದಿಂದ ಬಂದದ್ದೆಂದು ಬರೆದಿದ್ದರಂತೆ. ಅವರ ಪುಸ್ತಕ ವ್ಯವಹಾರ ನೋಡಿಕೊಳ್ಳುತ್ತಿದ್ದ ಹಾರ್ವಿ ಉನ್ನಾ, ಆಫ್ರಿಕಾದಲ್ಲಿ ಕರಡಿಗಳೇ ಇಲ್ಲವಲ್ಲ ಎಂದು ತಿದ್ದಿದರು. ಹಾಗೆ ಊರು ಪೆರು ಆಯಿತು. ಅಲ್ಲಿನ ಆಂಡೀಸ್ ಪರ್ವತದ ಕರಡಿಗೆ ಕಣ್ಣಿನ ಸುತ್ತ ಕನ್ನಡಕ ಹಾಕಿದಂಥ ಬಿಳಿ ಪಟ್ಟೆ ಇರುತ್ತದೆ. ಇಡೀ ದಕ್ಷಿಣ ಅಮೆರಿಕ ಖಂಡದಲ್ಲಿ ಇರುವುದು ಅದೊಂದೇ ಜಾತಿಯ ಕರಡಿ. "ನಮ್ಮ ದರೋಜಿ ಕರಡಿಧಾಮದಲ್ಲಿ ನೋಡಿದ್ವಲ್ಲ, ಅದೇನಾ?" ಎಂದು ಮೊಮ್ಮಗಳು ಕೇಳಿದಳು. ಅಲ್ಲ, ಅದು ಬೇರೆ ಜಾತಿ, ಗೆದ್ದಲು ತಿನ್ನುವ ನಮ್ಮ ಕರಡಿ ಎಂದು ಹೇಳಿದೆ.

ಕರಡಿಯ ಕಾಲಿನ ಬೂಟಿಗೂ ಒಂದು ಕಥೆಯಿದೆ. 1972ರಲ್ಲಿ ಶರ್ಲಿ ಕ್ಲಾರ್ಕ್‌ಸನ್ ಎಂಬವರು ಪ್ಯಾಡಿಂಗ್ಟನ್ ಗೊಂಬೆ ಮಾಡಿ ಮಾರಲು ಶುರುಮಾಡಿದಾಗ, ಗೊಂಬೆ ನೆಟ್ಟಗೆ ನಿಲ್ಲಲಿ ಎಂದು ಅದಕ್ಕೆ ಮಳೆಗಾಲದ ರಬ್ಬರ್ ಬೂಟು ತೊಡಿಸಿದರು. ಈಗ ಬೂಟಿಲ್ಲದ ಪ್ಯಾಡಿಂಗ್ಟನ್ ಗೊಂಬೆಯನ್ನು ನೆನೆಸಿಕೊಳ್ಳುವುದೇ ಕಷ್ಟ.

ಈ ಪುಸ್ತಕಗಳು ಸುಮಾರು 40 ಭಾಷೆಗಳಿಗೆ ಹೋಗಿವೆ. ಮೂರೂವರೆ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಬಾಂಡ್ ತಮ್ಮ 91ನೇ ವಯಸ್ಸಿನಲ್ಲಿ, 2017ರ ಜೂನ್‌ನಲ್ಲಿ ತೀರಿಕೊಂಡರು. ಸಿನಿಮಾದಲ್ಲಿ ಅವರನ್ನು ನೀವು ನೋಡಬಹುದು. ಬ್ರೌನ್ ಕುಟುಂಬ ಕರಡಿಯನ್ನು ಟ್ಯಾಕ್ಸಿಯಲ್ಲಿ ಮನೆಗೆ ಕರೆದುಕೊಂಡು ಹೋಗುವಾಗ ದಾರಿ ಬದಿಯಲ್ಲಿ ಕೂತ ಒಬ್ಬ ಮುದುಕರು ಲೋಟ ಎತ್ತಿ ಶುಭ ಕೋರುತ್ತಾರೆ. ಅವರೇ ಇವರು. ಎರಡನೇ ಸಲ ನೋಡುವಾಗ ನಾನು ಅಲ್ಲಿ ಸಿನಿಮಾ ನಿಲ್ಲಿಸಿ ಮೊಮ್ಮಗಳಿಗೆ ತೋರಿಸಿದೆ.

ಚೀಟಿ ಎಲ್ಲಿಂದ ಬಂತು?

ಕೊರಳಿನ ಚೀಟಿ ಬಾಂಡ್ ಕಲ್ಪಿಸಿಕೊಂಡದ್ದಲ್ಲ, ಕಣ್ಣಾರೆ ಕಂಡದ್ದು. 1939ರ ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ, ಬಾಂಬ್ ಬೀಳುತ್ತದೆಂಬ ಭಯಕ್ಕೆ ಬ್ರಿಟಿಷ್ ಸರ್ಕಾರ ದೊಡ್ಡ ಊರುಗಳಿಂದ ಮಕ್ಕಳನ್ನೂ ಬಾಣಂತಿಯರನ್ನೂ ರೈಲು ಹತ್ತಿಸಿ ಹಳ್ಳಿಗಳಿಗೆ ಕಳಿಸಿತು. ಮೊದಲ ಕೆಲವೇ ದಿನಗಳಲ್ಲಿ ಹೀಗೆ ಹೋದವರು ಸುಮಾರು 15 ಲಕ್ಷ ಮಂದಿ. ಪ್ರತಿ ಮಗುವಿನ ಕೊರಳಲ್ಲಿ ಹೆಸರು ಬರೆದ ಚೀಟಿ, ಕೈಯಲ್ಲೊಂದು ಗಂಟು ಅಥವಾ ಪೆಟ್ಟಿಗೆ. ಹೋಗಿ ಇಳಿದ ಊರಿನಲ್ಲಿ ಗುರುತಿಲ್ಲದ ಜನ ಬಂದು ಒಂದೊಂದು ಮಗುವನ್ನು ಕೈಹಿಡಿದು ಮನೆಗೆ ಕರೆದೊಯ್ಯಬೇಕು. ರೆಡಿಂಗ್ ಊರಿನಲ್ಲಿ ಬೆಳೆದ ಹುಡುಗ ಬಾಂಡ್ ಅಲ್ಲಿನ ಸ್ಟೇಷನ್ನಿನಲ್ಲಿ ಇಂಥ ಮಕ್ಕಳನ್ನು ನೋಡಿದ್ದರು.

ಅದಕ್ಕೂ ಸ್ವಲ್ಪ ಮುಂಚೆ, 1938ರ ಡಿಸೆಂಬರ್‌ನಿಂದ ಯುದ್ಧ ಶುರುವಾಗುವವರೆಗೆ, ನಾಜಿಗಳ ಕೈಯಿಂದ ಪಾರುಮಾಡಲು ಸುಮಾರು 10 ಸಾವಿರ ಮಕ್ಕಳನ್ನು ಯೂರೋಪಿನಿಂದ ಬ್ರಿಟನ್ನಿಗೆ ಕರೆತಂದಿದ್ದರು. ಹೆಚ್ಚಿನವರು ಯಹೂದಿ ಮಕ್ಕಳು. ಅವರ ಕೊರಳಲ್ಲೂ ಒಂದು ನಂಬರಿನ ಚೀಟಿ. ಅವರಲ್ಲಿ ಬಹಳ ಮಂದಿಗೆ ಅಪ್ಪ ಅಮ್ಮ ಮತ್ತೆ ಸಿಗಲಿಲ್ಲ. ಬಾಂಡ್ ಕಥೆಗಳಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟುಕೊಂಡ ಗ್ರೂಬರ್ ಎಂಬ ಮುದುಕರು ಕರಡಿಗೆ ಆಪ್ತ ಗೆಳೆಯರು. ಹಂಗೆರಿಯಿಂದ ನಿರಾಶ್ರಿತರಾಗಿ ಬಂದವರು. ಮೇಲೆ ಹೇಳಿದ ಹಾರ್ವಿ ಉನ್ನಾ ಅವರೇ ಈ ಪಾತ್ರಕ್ಕೆ ಮಾದರಿ. ಅವರೂ ನಾಜಿ ಜರ್ಮನಿಯಿಂದ ಓಡಿಬಂದವರೇ. ಸಿನಿಮಾದಲ್ಲಿ ಗ್ರೂಬರ್ ತಾವು ಬಾಲ್ಯದಲ್ಲಿ ಬಂದ ರೈಲನ್ನು ಕರಡಿಗೆ ತೋರಿಸುವ ಒಂದು ಸಣ್ಣ ದೃಶ್ಯವಿದೆ. ಒಂದು ನಿಮಿಷವೂ ಇರಲಾರದು. ಅದರಲ್ಲಿ ಯುದ್ಧ ಎಂಬುದು ಮಕ್ಕಳಿಗೆ ಏನು ಮಾಡುತ್ತದೆ ಎಂಬುದೆಲ್ಲ ಇದೆ.

ಇನ್ನೊಂದು ಸಂಗತಿ. ಬ್ರೌನ್ ಕುಟುಂಬ ವಾಸಿಸುವುದು ಲಂಡನ್ನಿನ ನಾಟಿಂಗ್ ಹಿಲ್ ಬಡಾವಣೆಯ ಕಡೆ. ಪುಸ್ತಕ ಬಂದ 1958ರ ಬೇಸಿಗೆಯ ಕೊನೆಯಲ್ಲಿ ಅದೇ ನಾಟಿಂಗ್ ಹಿಲ್‌ನಲ್ಲಿ ವೆಸ್ಟ್ ಇಂಡೀಸ್‌ನಿಂದ ಬಂದು ನೆಲೆಸಿದ್ದ ಕಪ್ಪು ಜನರ ಮೇಲೆ ಗುಂಪುಗಳು ಹಲ್ಲೆ ಮಾಡಿ ದೊಡ್ಡ ಗಲಭೆಯಾಗಿತ್ತು. ಪರದೇಶದಿಂದ ಬಂದವನೊಬ್ಬನಿಗೆ ಒಂದು ಮನೆಯ ಬಾಗಿಲು ತೆರೆದ ಕಥೆ ಬಂದದ್ದು ಅದರ ಬೆನ್ನಿಗೇ. ಸಿನಿಮಾ ಮಾಡಿದವರು ಇದನ್ನು ಮರೆತಿಲ್ಲ. ನಡುನಡುವೆ ಬೀದಿಯಲ್ಲಿ ಒಂದು ವಾದ್ಯತಂಡ ಕೆರಿಬಿಯನ್ ದ್ವೀಪಗಳ ಕ್ಯಾಲಿಪ್ಸೊ ಹಾಡು ಹಾಡುತ್ತಿರುತ್ತದೆ. ಅದರಲ್ಲೊಂದು 1948ರಲ್ಲಿ ವಿಂಡ್‌ರಶ್ ಹಡಗಿನಲ್ಲಿ ಬಂದಿಳಿದ ಲಾರ್ಡ್ ಕಿಚನರ್ ಎಂಬ ಹಾಡುಗಾರನದು. ಹಾಡು ಖುಷಿಯದೇ. ಹಿನ್ನೆಲೆ ಗೊತ್ತಾದ ಮೇಲೆ ಕೇಳುವ ಕಿವಿ ಬೇರೆಯಾಗುತ್ತದೆ.

ಇಲ್ಲದ ಕರಡಿಯೊಂದಿಗೆ ನಟನೆ

ಇದು ಕಾರ್ಟೂನ್ ಅಲ್ಲ. ಮನೆ, ಬೀದಿ, ಜನ ಎಲ್ಲ ನಿಜ. ಕರಡಿ ಮಾತ್ರ ಕಂಪ್ಯೂಟರಿನದು. ಲಂಡನ್ನಿನ ಫ್ರೇಮ್‌ಸ್ಟೋರ್ ಎಂಬ ಸಂಸ್ಥೆಯವರು ಅದರ ಒಂದೊಂದು ಕೂದಲನ್ನೂ ಮಾಡಿದ್ದಾರೆ. ನೀರಿನಲ್ಲಿ ನೆನೆದಾಗ ತುಪ್ಪಟ ಅಂಟಿಕೊಳ್ಳುವುದು, ನಾಚಿಕೆಯಾದಾಗ ಕಣ್ಣು ತಗ್ಗುವುದು ನೋಡಿ. ಚಿತ್ರೀಕರಣದ ವೇಳೆ ಅಲ್ಲಿ ಕರಡಿ ಇರಲಿಲ್ಲ. ನಟರು ಗಾಳಿಯ ಕಡೆ ನೋಡಿ ಮರುಗಬೇಕು, ಗದರಬೇಕು, ತಬ್ಬಿಕೊಳ್ಳಬೇಕು. ಅಮ್ಮನ ಪಾತ್ರದ ಸ್ಯಾಲಿ ಹಾಕಿನ್ಸ್ ಇದನ್ನು ಎಷ್ಟು ಸಹಜವಾಗಿ ಮಾಡಿದ್ದಾರೆಂದರೆ ಎದುರಿಗೆ ಯಾರೂ ಇರಲಿಲ್ಲ ಎಂದರೆ ನಂಬಿಕೆ ಬರುವುದಿಲ್ಲ. ಕರಡಿಯ ದನಿ ಬೆನ್ ವಿಶಾ ಅವರದು. ಮೊದಲು ಕಾಲಿನ್ ಫರ್ತ್ ಎಂಬ ದೊಡ್ಡ ನಟರನ್ನು ಗೊತ್ತುಮಾಡಿದ್ದರು. ಅವರ ತುಂಬು ಗಂಡಸಿನ ದನಿ ಎಳೆಯ ಕರಡಿಗೆ ಕೂಡಿಬರಲಿಲ್ಲ. ಬಿಡುಗಡೆಗೆ ಕೆಲವೇ ತಿಂಗಳಿರುವಾಗ ಎರಡೂ ಕಡೆಯವರು ಒಪ್ಪಿಯೇ ಬದಲಾಯಿಸಿದರು.

ನಿರ್ದೇಶಕರ ಕೆಲಸದಲ್ಲಿ ನನಗೆ ಹಿಡಿಸಿದ್ದು ಎರಡು. ಒಂದು, ಬ್ರೌನ್‌ರ ಮನೆಯನ್ನು ಗೊಂಬೆಮನೆಯ ಹಾಗೆ ಮುಂದಿನ ಗೋಡೆ ತೆಗೆದು ಎಲ್ಲ ಕೋಣೆಗಳನ್ನೂ ಒಟ್ಟಿಗೆ ತೋರಿಸುವುದು. ಇನ್ನೊಂದು, ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಬರೆದ ಹೂಮರ. ಕರಡಿ ಮನೆ ಬಿಟ್ಟು ಹೋದಾಗ ಅದರ ಹೂ ಉದುರುತ್ತದೆ. ಯಾರೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ನನ್ನ ಮೊಮ್ಮಗಳು ಮೊದಲು ಕಂಡಳು, ನಾನಲ್ಲ.

ಹಳೆಯ ಮಕ್ಕಳ ಕಥೆಯನ್ನು ಸಿನಿಮಾ ಮಾಡುವವರೆಲ್ಲ ಇಷ್ಟು ಎಚ್ಚರ ವಹಿಸುವುದಿಲ್ಲ. ಬಿಯಾಟ್ರಿಕ್ಸ್ ಪಾಟರ್ ಅವರ ಮೊಲದ ಕಥೆಯಿಂದ 2018ರಲ್ಲಿ ಮಾಡಿದ 'ಪೀಟರ್ ರ್‍ಯಾಬಿಟ್' ಚಿತ್ರದಲ್ಲಿ, ಒಂದು ಹಣ್ಣು ಮೈಗಾಗದ ಮನುಷ್ಯನ ಮೇಲೆ ಮೊಲಗಳು ಬೇಕೆಂದೇ ಆ ಹಣ್ಣು ಎಸೆದು ನಗುತ್ತವೆ. ಅಲರ್ಜಿ ಇರುವ ಮಕ್ಕಳ ತಂದೆತಾಯಿ ನೊಂದುಕೊಂಡರು, ಚಿತ್ರ ತಯಾರಿಸಿದವರು ಕ್ಷಮೆ ಕೇಳಬೇಕಾಯಿತು. ಪ್ಯಾಡಿಂಗ್ಟನ್ ಸಿನಿಮಾದಲ್ಲಿ ನಗು ಬರುವುದು ಕರಡಿ ಒಳ್ಳೆಯದು ಮಾಡಲು ಹೋಗಿ ಎಡವಟ್ಟು ಮಾಡುವುದರಿಂದ. ಕೇಡು ಮಾಡಿ ನಗಿಸುವುದಿಲ್ಲ. ಮಕ್ಕಳ ಸಿನಿಮಾ ಆರಿಸುವಾಗ ನಾನು ಈಗ ಈ ಒಂದು ಅಳತೆ ಇಟ್ಟುಕೊಂಡಿದ್ದೇನೆ.

ಬ್ರೌನ್ ಸಾಹೇಬರೂ ನಾನೂ

ಈಗ ನಾನು ಸೋಫಾದಿಂದ ಏಳದೆ ಕೂತಿದ್ದೇಕೆ ಎಂದು ಹೇಳಬೇಕು.

ಸಿನಿಮಾದಲ್ಲಿ ಅಪ್ಪ ಬ್ರೌನ್‌ಗೆ, ಅಂದರೆ ಹ್ಯೂ ಬಾನ್‌ವಿಲ್ ಪಾತ್ರಕ್ಕೆ, ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಯಾವುದರಿಂದ ಎಷ್ಟು ಅಪಾಯ ಎಂದು ಲೆಕ್ಕ ಹಾಕುವುದೇ ಅವರ ಉದ್ಯೋಗ. ಕರಡಿ ಮನೆಗೆ ಬಂದ ರಾತ್ರಿ ಅವರು ಮೊದಲು ಮಾಡುವ ಕೆಲಸ ಮನೆ ವಿಮೆಯನ್ನು ಹೆಚ್ಚಿಸಲು ಫೋನ್ ಮಾಡುವುದು. ಕೆಟ್ಟವರಲ್ಲ. ಮದುವೆಯಾದ ಹೊಸದರಲ್ಲಿ ಮೋಟಾರ್ ಬೈಕಿನಲ್ಲಿ ಹೆಂಡತಿಯನ್ನು ಹೆರಿಗೆಗೆ ಕರೆತಂದವರು, ಮಗು ಹುಟ್ಟಿದ ಮೇಲೆ ಅದೇ ಆಸ್ಪತ್ರೆಯಿಂದ ನಿಧಾನದ ಕಾರಿನಲ್ಲಿ ಹೊರಟವರು. ಮಕ್ಕಳ ಮೇಲಿನ ಪ್ರೀತಿಯೇ ಭಯವಾಗಿದೆ. ಅವರ ಮಾತುಗಳೆಲ್ಲ ಲೆಕ್ಕಕ್ಕೆ ಸರಿಯಾದವು. ನಾನು ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅವರನ್ನು ನೋಡಿದಾಗ ಕನ್ನಡಿ ನೋಡಿದಂತಾಯಿತು.

ಸಿನಿಮಾ ಮುಗಿದ ರಾತ್ರಿ ಊಟದ ಹೊತ್ತಿಗೆ ಮೊಮ್ಮಗಳು ಕೇಳಿದಳು: "ತಾತ, ಹಾಗೆ ಒಂದು ಕರಡಿ ಬಂದಿದ್ರೆ ನಾವು ಇಟ್ಕೋತಿದ್ವಾ?"

ನನಗೆ ಥಟ್ಟನೆ ಹೌದು ಎನ್ನಲಾಗಲಿಲ್ಲ. 1979ರ ಒಂದು ಬೆಳಗ್ಗೆ ನೆನಪಾಯಿತು.

ಆಗ ನಾನು ಒಂದು ತಾಲ್ಲೂಕು ಊರಿನ ಶಾಖೆಯಲ್ಲಿದ್ದೆ. ಉಳಿತಾಯ ಖಾತೆಯ ಕೌಂಟರ್ ನನ್ನದು. ಈಗಿನವರಿಗೆ ಆಧಾರ್ ಇದೆ. ಆಗ ಖಾತೆ ತೆರೆಯಬೇಕಾದರೆ ಅದೇ ಶಾಖೆಯಲ್ಲಿ ಖಾತೆ ಇರುವ ಒಬ್ಬರು, ಈತ ನನಗೆ ಗೊತ್ತು ಎಂದು ಅರ್ಜಿಯಲ್ಲಿ ಪರಿಚಯದ ಸಹಿ ಹಾಕಬೇಕಿತ್ತು. ಕಾಲುವೆ ಕೆಲಸಕ್ಕೆಂದು ದೂರದ ಊರಿನಿಂದ ಬಂದಿದ್ದ ಒಬ್ಬ ಕೂಲಿಯಾಳು ಕೌಂಟರಿಗೆ ಬಂದ. ಕೈಯಲ್ಲಿ ಬಟ್ಟೆಯ ಗಂಟು, ಅದರೊಳಗೆ ನೂರ ನಲವತ್ತು ರೂಪಾಯಿ. ಗುಡಿಸಲಿನಲ್ಲಿ ಇಟ್ಟರೆ ಕಳುವಾಗುತ್ತದೆ, ಇಲ್ಲಿ ಇಟ್ಟುಕೊಳ್ಳಿ ಸ್ವಾಮಿ ಎಂದ. ಪರಿಚಯದವರನ್ನು ಕರೆದುಕೊಂಡು ಬಾ ಎಂದೆ. ಈ ಊರಲ್ಲಿ ನನಗೆ ಯಾರೂ ಇಲ್ಲ ಎಂದ. ಹಾಗಾದರೆ ಆಗೋದಿಲ್ಲ ಎಂದೆ. ಮರುವಾರ ಬಂದ, ಅದೇ ಉತ್ತರ. ಮೂರನೇ ಸಲ ಮೇಸ್ತ್ರಿಯ ಕೈಯಲ್ಲಿ ಒಂದು ಚೀಟಿ ಬರೆಸಿಕೊಂಡು ಬಂದಿದ್ದ. ಇವನು ಒಳ್ಳೆಯವನು ಎಂದೇನೋ ಬರೆದಿತ್ತು. ಮೇಸ್ತ್ರಿಗೂ ನಮ್ಮಲ್ಲಿ ಖಾತೆ ಇರಲಿಲ್ಲ. ಚೀಟಿಯನ್ನು ಹಿಂದಕ್ಕೆ ಕೊಟ್ಟೆ.

ನಾನು ನಿಯಮ ಮೀರಿ ಏನೂ ಮಾಡಿರಲಿಲ್ಲ. ಯಾವ ಇನ್‌ಸ್ಪೆಕ್ಟರ್ ಬಂದು ನೋಡಿದರೂ ಸರಿ ಎನ್ನುತ್ತಿದ್ದ.

ಅಷ್ಟರಲ್ಲಿ ಟೀ ಲೋಟ ಒಯ್ಯುತ್ತಿದ್ದ ನಮ್ಮ ಅಟೆಂಡರ್ ನಿಂತರು. ಅರ್ಜಿ ಎಳೆದುಕೊಂಡು, "ಮೂರು ವಾರದಿಂದ ನೋಡ್ತಾ ಇದೀನಲ್ಲ ಸಾರ್, ನಂಗೆ ಗೊತ್ತಿರೋನೇ" ಎಂದು ಪರಿಚಯದ ಜಾಗದಲ್ಲಿ ಸಹಿ ಹಾಕಿದರು. ಮ್ಯಾನೇಜರ್ ಒಪ್ಪಿದರು. ಖಾತೆ ಆಯಿತು. ಆತ ಪ್ರತಿ ಶನಿವಾರ ಬಂದು ಹತ್ತು ಹದಿನೈದು ಕಟ್ಟುತ್ತಿದ್ದ. ವರ್ಷದ ನಂತರ ಕಾಲುವೆ ಕೆಲಸ ಮುಗಿದು ಖಾತೆ ಮುಚ್ಚಿಸಿಕೊಂಡು ಹೋಗುವ ದಿನ ಅಟೆಂಡರ್ ಕೈಹಿಡಿದು ಕಣ್ಣಿಗೊತ್ತಿಕೊಂಡ. ನನ್ನ ಕಡೆ ನೋಡಲಿಲ್ಲ. ಅದು ನ್ಯಾಯವೇ.

ನನ್ನನ್ನು ಇಷ್ಟು ವರ್ಷ ಕೊರೆದದ್ದು ಬೇರೆ. ಅಟೆಂಡರ್‌ಗೆ ಇದ್ದ ಹಾಗೆ ನನಗೂ ಅದೇ ಶಾಖೆಯಲ್ಲಿ ಖಾತೆ ಇತ್ತು. ಮೂರು ವಾರ ಅವನನ್ನು ನಾನೂ ನೋಡಿದ್ದೆ. ಆ ಸಹಿಯನ್ನು ನಾನೇ ಹಾಕಬಹುದಿತ್ತು. ಅದು ನನ್ನ ತಲೆಗೇ ಬರಲಿಲ್ಲ.

ಸಿನಿಮಾದ ಬ್ರೌನ್ ಸಾಹೇಬರಿಗೆ ಒಂದೂವರೆ ಗಂಟೆಯಲ್ಲಿ ಬುದ್ಧಿ ಬರುತ್ತದೆ. ಕರಡಿಗಾಗಿ ಅವರು ಕಟ್ಟಡದ ಹೊರಗೋಡೆಯ ಅಂಚಿನ ಮೇಲೆ ಹಿಮದಲ್ಲಿ ನಡೆಯುತ್ತಾರೆ. ಅಪಾಯದ ಲೆಕ್ಕ ಅವರಿಗೆ ಆಗಲೂ ಗೊತ್ತು, ಆದರೂ ನಡೆಯುತ್ತಾರೆ.

ಕರಡಿಗೆ ಪಾಸ್‌ಪೋರ್ಟ್

ಮುಂದೆ ಈ ಕರಡಿಯ ಇನ್ನೆರಡು ಸಿನಿಮಾ ಬಂದವು. 2017ರ ಎರಡನೆಯದು ಮೊದಲಿನದಕ್ಕಿಂತ ಒಂದು ಕೈ ಮೇಲು ಎನ್ನುವವರು ಬಹಳ. ಅದರಲ್ಲಿ ಕರಡಿ ಮಾಡದ ತಪ್ಪಿಗೆ ಜೈಲಿಗೆ ಹೋಗಿ ಅಲ್ಲಿನ ಒರಟು ಅಡುಗೆಯವನಿಗೆ ಮಾರ್ಮಲೇಡ್ ಕಲಿಸುತ್ತದೆ. 2024ರ ಮೂರನೆಯದರಲ್ಲಿ ಪೆರುವಿಗೆ ವಾಪಸ್ ಹೋಗುತ್ತದೆ. ಆ ಚಿತ್ರಕ್ಕೆಂದು ಪಾಸ್‌ಪೋರ್ಟಿನ ಒಂದು ನಕಲು ಕೇಳಿದಾಗ ಬ್ರಿಟಿಷ್ ಗೃಹ ಇಲಾಖೆ ಕರಡಿಯ ಫೋಟೋ ಇರುವ ಒಂದು ಪಾಸ್‌ಪೋರ್ಟನ್ನೇ ಮಾಡಿಕೊಟ್ಟಿತಂತೆ. ಷರಾ ಜಾಗದಲ್ಲಿ 'ಕರಡಿ' ಎಂದು ನಮೂದಿಸಿದ್ದಾರಂತೆ. ಕೊರಳ ಚೀಟಿಯಿಂದ ಪಾಸ್‌ಪೋರ್ಟಿನವರೆಗೆ ಬರಲು ಅವನಿಗೆ ಅರವತ್ತಾರು ವರ್ಷ ಹಿಡಿಯಿತು.

2022ರಲ್ಲಿ ಎಲಿಜಬೆತ್ ರಾಣಿಯ ಆಳ್ವಿಕೆಯ 70ನೇ ವರ್ಷದ ಸಂಭ್ರಮಕ್ಕೆ ರಾಣಿಯೂ ಈ ಕರಡಿಯೂ ಚಹಾ ಕುಡಿಯುವ ಒಂದು ಸಣ್ಣ ಚಿತ್ರ ಮಾಡಿದ್ದರು. ಆಕೆ ಕೈಚೀಲದಿಂದ ಮಾರ್ಮಲೇಡ್ ಸ್ಯಾಂಡ್‌ವಿಚ್ ತೆಗೆದು ತೋರಿಸುತ್ತಾರೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಕೆ ತೀರಿಕೊಂಡಾಗ ಜನ ಅರಮನೆಯ ಮುಂದೆ ಹೂವಿನ ಜೊತೆ ಕರಡಿ ಗೊಂಬೆಗಳನ್ನೂ ಸ್ಯಾಂಡ್‌ವಿಚ್‌ಗಳನ್ನೂ ಇಟ್ಟು ಹೋದರು. ಸ್ಯಾಂಡ್‌ವಿಚ್ ತರಬೇಡಿ ಎಂದು ಉದ್ಯಾನದವರು ಕೇಳಿಕೊಳ್ಳಬೇಕಾಯಿತು. ಗೊಂಬೆಗಳನ್ನು ಆಮೇಲೆ ಮಕ್ಕಳ ಸೇವಾಸಂಸ್ಥೆಯೊಂದಕ್ಕೆ ಕೊಟ್ಟರು.

ಮೊಮ್ಮಗಳಿಗೆ ಕೂಲಿಯಾಳಿನ ಕಥೆಯನ್ನು ಇದ್ದದ್ದು ಇದ್ದ ಹಾಗೇ ಹೇಳಿದೆ. ಅವಳು ಅನ್ನ ಕಲಸುವುದು ನಿಲ್ಲಿಸಿ ಕೇಳಿದಳು: "ಆಮೇಲೆ ನೀನು ಯಾರಿಗಾದ್ರೂ ಸಹಿ ಹಾಕಿದ್ಯಾ?"

"ಹಾಕಿದೆ. ತುಂಬ ಜನಕ್ಕೆ."

"ಯಾರಾದ್ರೂ ಮೋಸ ಮಾಡಿದ್ರಾ?"

"ಒಬ್ಬ. ಮ್ಯಾನೇಜರ್ ಕರೆದು ಕೇಳಿದ್ರು. ಬೈಸಿಕೊಂಡೆ."

"ಒಬ್ಬನೇನಾ? ಹಾಗಾದ್ರೆ ಕರಡಿ ಬಂದ್ರೆ ಇಟ್ಕೊಳ್ಳೋಣ" ಎಂದು ತೀರ್ಮಾನ ಕೊಟ್ಟಳು. ಬ್ರೌನ್ ಸಾಹೇಬರ ಕಂಪನಿಯಲ್ಲೂ ಇಷ್ಟು ಬೇಗ ಲೆಕ್ಕ ಮುಗಿಯಲಾರದು.

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: "ಬರ್ಲಿ ಪಾಪ. ಬಚ್ಚಲುಮನೆ ಮಾತ್ರ ತಾತ ಮೊಮ್ಮಗಳೇ ತೊಳೀಬೇಕು."